ಮಫ್ಲರಿನವನ ಚಿತ್ರ

ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ಗುತ್ತಿಗೆ ಕೂಲಿಯಾಗಿದ್ದ ಸಾತಪ್ಪನಿಗೆ ಕೇಡು ಬಂದದ್ದು ಒಂದು ಹಾಳೆಯಿಂದ. ಬೆಳಗಿನ ಪಾಳಿಗೆ ಹೊರಟವನು ನೋಡುತ್ತಾನೆ, ಗೇಟಿನೆದುರು ಕೆಂಚವ್ವನ ಚಹಾದಂಗಡಿಯ ತಗಡಿಗೆ ಯಾರೋ ಇಂಟರ್ನೆಟ್ಟಿನ ಚಿತ್ರಕತೆಯೊಂದರ ಪ್ರಿಂಟು ಅಂಟಿಸಿದ್ದಾರೆ. ನಾಲ್ಕು ಚೌಕ. ಮೊದಲನೆಯದರಲ್ಲಿ ಕಿವಿಗೆ ಮಫ್ಲರ್ ಸುತ್ತಿದ ಬಡಕಲು ಮನುಷ್ಯನೊಬ್ಬ ವಾಚ್‌ಮನ್‌ನನ್ನು ಕೇಳುತ್ತಾನೆ, "ಪಟ್ಟಿಯೊಳಗ ನನ್ನ ಹೆಸರ ಐತೇನ್ರಿ?" ಎರಡನೆಯದರಲ್ಲಿ ಯಂತ್ರವನ್ನು ಕೇಳುತ್ತಾನೆ. ಮೂರನೆಯದರಲ್ಲಿ ಕಾಗೆಯನ್ನು. ನಾಲ್ಕನೆಯದರಲ್ಲಿ ಕನ್ನಡಿಯನ್ನು, ಕನ್ನಡಿಯೊಳಗಿನವನೂ ಇವನನ್ನೇ ಕೇಳುತ್ತಿದ್ದಾನೆ.

"ಸಾತಪ್ಪಾ, ನಿನ್ನ ಫೋಟೋ ಬಂದೈತಿ ನೋಡಲೇ!" ಜೊತೆಯ ಕೂಲಿ ಜ್ಯೋತಿಬಾ ಚಹಾ ಚೆಲ್ಲುವಷ್ಟು ನಕ್ಕ. "ಮಫ್ಲರ್ ಒಂದ ಅಲ್ಲ, ಮೂಗೂ ನಿಂದ."

"ನನಗ ಕಿವಿನೋವಪಾ," ಎಂದ ಸಾತಪ್ಪ ತನ್ನ ಮಫ್ಲರ್ ಮುಟ್ಟಿಕೊಂಡು. ಯಾರೂ ಕೇಳಿಸಿಕೊಳ್ಳಲಿಲ್ಲ.

ನಗುವ ದಿನವಲ್ಲ ಅದು. ಅವರ ಗುತ್ತಿಗೆ ಅಂದೇ ಮುಗಿಯುವುದಿತ್ತು. ಸಂಜೆ ಐದಕ್ಕೆ ಗುತ್ತಿಗೆದಾರ ಮುಂದೆ ಉಳಿಯುವವರ ಪಟ್ಟಿ ಅಂಟಿಸುವವನಿದ್ದ. ಈ ಚಿತ್ರ ಅವನ ಕಣ್ಣಿಗೆ ಬಿದ್ದರೆ? ಇಷ್ಟು ಅಂಜುವವನನ್ನು ಯಾರು ಇಟ್ಟುಕೊಳ್ಳುತ್ತಾರೆ?

ಸಾತಪ್ಪನಿಗೆ ಗೊತ್ತಿದ್ದ ವಿದ್ಯೆ ಒಂದೇ, ಕಾಗದ ಕರಗಿಸುವುದು. ಹಾಳೆ ಕಿತ್ತು ಅಂಗಿಯೊಳಗಿಟ್ಟುಕೊಂಡು ಹೋಗಿ ರದ್ದಿ ಅರೆಯುವ ತೊಟ್ಟಿಗೆ ಹಾಕಿದ. ಚಿತ್ರ ಅಂಬಲಿಯಾಯಿತು. ಹನ್ನೊಂದು ವರ್ಷದಲ್ಲಿ ಆ ತೊಟ್ಟಿಗೆ ಬಿದ್ದದ್ದು ಯಾವುದೂ ತಿರುಗಿ ಬಂದಿರಲಿಲ್ಲ.

ಚಹಾದ ಹೊತ್ತಿಗೆ ಕ್ಯಾಂಟೀನಿನಲ್ಲಿ ಮೂರು ಹಾಳೆ. ಅವನ್ನೂ ಅರೆದ. ಊಟದ ಹೊತ್ತಿಗೆ ಪಾಯಖಾನೆಯ ಬಾಗಿಲೂ ಸೇರಿ ಒಂಬತ್ತು.

"ಹುಚ್ಚಪ್ಪಾ, ಅದು ಸೈಬರ್ ಕೆಫೆ ಕಂಪ್ಯೂಟರಿನ್ಯಾಗ ಐತಿ," ಎಂದ ಜ್ಯೋತಿಬಾ. "ನೀ ಎಷ್ಟ ಅರದ್ರೂ ಮತ್ತ ಹುಟ್ಟತೈತಿ."

ಪಾಳಿ ಮುಗಿಯುವ ಎರಡರ ಸೈರನ್ ಆದದ್ದೇ ತಡ, ಸಾತಪ್ಪ ಬಾಲಕ್ಕೆ ಬೆಂಕಿ ಬಿದ್ದವನಂತೆ ಅಲ್ಲಿಗೆ ಓಡಿದ. ಕೆಫೆ ನಡೆಸುವ ಲಕ್ಷ್ಮಿಗೆ ಕೈಮುಗಿದ. "ತಂಗೀ, ಆ ಚಿತ್ರ ಯಾವ ಡಬ್ಬಿಯೊಳಗ ಐತಿ ತೋರಸವಾ. ಅದನ್ನೊಂದ ಒಯ್ತೇನಿ."

"ಕಾಕಾ, ಅದು ಒಂದ ಡಬ್ಬಿಯೊಳಗ ಇರಾಂಗಿಲ್ರಿ. ಇಲ್ಲೆ ನೋಡ್ರಿ." ಚಿತ್ರದ ಕೆಳಗೆ ಜನ ಬರೆದದ್ದನ್ನು ಅವಳು ಓದಿ ಹೇಳಿದಳು. ಬೆಳಗಾವಿಯ ಯಾರೋ, 'ಇಂವ ನಾನ.' ಸೂರತ್ತಿನ ಗಿರಣಿಯವನೊಬ್ಬ, 'ಮಫ್ಲರ್ ಬಿಟ್ಟು ಉಳಿದದ್ದೆಲ್ಲಾ ನಾನ.' ದುಬೈಯಿಂದ ಒಬ್ಬಳು, 'ನಮ್ಮಪ್ಪ.'

ಇಷ್ಟು ಮಂದಿಯನ್ನು ಅರೆಯುವ ತೊಟ್ಟಿ ಎಲ್ಲಿಂದ ತರುವುದು?

"ಬರದಾಂವ ಯಾರವಾ?"

"ನಾಲ್ಕಕ್ಕ ಬರ್ತಾರ್ರಿ. ದಿನಾ ಆ ಮೂಲ್ಯಾಗ ಕುಂದರ್ತಾರ. ಹೆಸರ ಹೇಳಬ್ಯಾಡ ಅಂದಾರ."

ನಾಲ್ಕಕ್ಕೆ ಬಂದವನು ನಾಗಲಿಂಗಪ್ಪ, ಗುತ್ತಿಗೆದಾರನ ಕಾರಕೂನ. ಪಟ್ಟಿ ಬರೆಯುವವನೇ ಅವನು! ಸಾತಪ್ಪ ಹೋಗಿ ಕಾಲು ಹಿಡಿದ. "ಸಾಹೇಬ್ರ, ನಾ ಅಂಜೂ ಮನಶಾ ಅಲ್ರಿ. ಇದು ಬರೇ ಕಿವಿನೋವು. ನನ್ನ ಹೆಸರ..."

"ಯಾರಪಾ ನೀ?" ನಾಗಲಿಂಗಪ್ಪ ಬೆದರಿದ. "ಚಿತ್ರದಾಗಿನಾಂವ ನೀ ಅಲ್ಲ, ನಾನು. ಗುರ್ತು ಸಿಗಬಾರದಂತ ಚಿತ್ರದಾಗ ಮಫ್ಲರ್ ಸುತ್ತೇನಿ." ದನಿ ಇಳಿಸಿದ. "ಗುತ್ತಿಗಿ ಬ್ಯಾರೆಯವರಿಗೆ ಹೋತು. ಅವರು ತಮ್ಮ ಮಂದೀನ ತರ್ತಾರ. ಇವತ್ತ ಪಟ್ಟೀನ ಇಲ್ಲ. ನಾಳಿಂದ ನಾನೂ ಇಲ್ಲ."

ಸಾತಪ್ಪ ಹಿಡಿದ ಕಾಲು ಬಿಡುವುದನ್ನೂ ಮರೆತು ಬಾಯಿ ತೆರೆದು ಕುಳಿತ. ನಾಗಲಿಂಗಪ್ಪ ಅವನನ್ನೇ ನೋಡುತ್ತ ಮೆಲ್ಲಗೆ ಜೇಬಿನಿಂದ ಪೆನ್ಸಿಲ್ ತೆಗೆದ. "ಹಂಗ ಇರು. ಅಳ್ಳಾಡಬ್ಯಾಡ."

ಮರುದಿನ ತಗಡಿನ ಮೇಲೆ ಹೊಸ ಚಿತ್ರ: ಯಾರದೋ ಕಾಲು ಹಿಡಿದು ಕೂತ ಮಫ್ಲರಿನವ. ತಮಗಾಗಿ ತೆರೆಯದ ಗೇಟಿನ ಮುಂದೆ ಎಲ್ಲರೂ ನಿಂತಿದ್ದರು. ಯಾರೂ ನಗಲಿಲ್ಲ.

"ಈ ಸಲ ಖರೇನ ನಾನ," ಎಂದ ಸಾತಪ್ಪ.

ಜ್ಯೋತಿಬಾ ಚಿತ್ರದಿಂದ ಕಣ್ಣು ಕೀಳಲಿಲ್ಲ. "ಸುಮ್ನಿರಲೇ," ಎಂದ. "ಅದು ನಾನು."