ಅತ್ತೆಯ ಅಳತೆಯ ಬಂದೂಕು

ಜತ್ತ ತಾಲೂಕಿನ ಹಕ್ಕಿಗಳೆಲ್ಲ ಸೇರಿ ಯಾರಿಗಾದರೂ ಸನ್ಮಾನ ಮಾಡುವುದಿದ್ದರೆ ನಮ್ಮ ಸೋದರಮಾವನಿಗೇ ಮಾಡಬೇಕು. ಕೈಯಲ್ಲಿ ಬಂದೂಕಿದ್ದೂ ಇಷ್ಟು ನಿರುಪದ್ರವಿಯಾದ ಮನುಷ್ಯ ಇನ್ನೊಬ್ಬನಿಲ್ಲ! ಅವನು ಗುರಿ ಇಡುವುದು ಯಂತ್ರ ಗಾಳಿಗೆ ಎಸೆಯುವ ಮಣ್ಣಿನ ಬಿಲ್ಲೆಗಳಿಗೆ. ಅವೂ ಇಡಿಯಾಗಿಯೇ ನೆಲಕ್ಕೆ ಬರುತ್ತವೆ.

ಈ ಹುಚ್ಚು ಮೊದಲು ಹತ್ತಿದ್ದು ಅವನಿಗಲ್ಲ, ಅವನ ಹೆಂಡತಿ, ನಮ್ಮ ಅತ್ತೆಗೆ. ಸನಮಡಿಯ ಜೋಳದ ಹೊಲದಲ್ಲಿ ಕವಣೆ ಬೀಸಿ ಹಕ್ಕಿ ಕಾಯ್ದು ಬೆಳೆದವಳು. ಸಾಂಗಲಿ ಕಡೆ ಒಂದು ಮದುವೆಗೆ ಹೋದಾಗ, ಪಕ್ಕದ ಮೈದಾನದಲ್ಲಿ ಹೆಂಗಸರೂ ಬಿಲ್ಲೆ ಹೊಡೆಯುವುದನ್ನು ಕಂಡು ಊಟ ಮರೆತು ನಿಂತಳಂತೆ.

"ಇದು ನನಗ ಬರ್ತೈತ್ರಿ," ಎಂದಳು.

"ಹಂಗಾದ್ರ ಒಂದ ಚಲೋ ಬಂದೂಕ ತರೂಣು," ಎಂದ ಮಾವ.

ಮಾವನ ಲೆಕ್ಕದಲ್ಲಿ ಚಲೋ ಎಂದರೆ ಜೀವಮಾನವಿಡೀ ಬಾಳಬೇಕು, ಅಗ್ಗವೂ ಇರಬೇಕು. ಚಪ್ಪಲಿಯನ್ನು ಮಡಚಿ, ಗಡಿಗೆಯನ್ನು ಬಡಿದು ನೋಡಿ ಕೊಳ್ಳುವವನು ಬಂದೂಕನ್ನು ಬಿಟ್ಟಾನೆಯೇ? ಒಮ್ಮೆ ನಾನೂ ಜೊತೆಗೆ ಹೋಗಿದ್ದೆ. ಅಂಗಡಿಯಲ್ಲಿ ಜೇಬಿನಿಂದ ಒಂದು ದಾರ ತೆಗೆದ. ಅತ್ತೆಯ ಮೊಳಕೈ ಮಡಿಕೆಯಿಂದ ತೋರುಬೆರಳಿನ ತನಕದ ಅಳತೆ. ಬಂದೂಕಿನ ಹಿಂಬದಿಯ ಕಟ್ಟಿಗೆ ಹೊಡೆಯುವವರ ಕೈಗೆ ತಕ್ಕಂತೆ ಅಷ್ಟೇ ಉದ್ದವಿರಬೇಕಂತೆ. ಒಂದು ಹಳೆಯ ಜೋಡುನಳಿಗೆ ಬಂದೂಕು ಆ ದಾರಕ್ಕೆ ಸರಿಯಾಗಿ ಕೂತಿತು. ಬೆಲೆಯೂ ಕೈಗೆಟುಕುವಂತಿತ್ತು. ಮುಗಿಯಿತೇ? ಎಲ್ಲಿ! ಅದರ ಕಟ್ಟಿಗೆಯನ್ನು ಗಡಿಗೆಯಂತೆ ಬಡಿದ. ನಳಿಗೆ ಮಡಚುವ ಬಿಜಾಗರಿಯನ್ನು ತೆರೆದ, ಮುಚ್ಚಿದ, ಮತ್ತೆ ತೆರೆದ. ಅಂಗಡಿಯವನು ಚಹಾ ತರಿಸಿಕೊಂಡು ಕುಳಿತ.

"ಇದು ಎಷ್ಟ ದಿನಾ ತಡೀತೈತ್ರಿ?"

"ಕಾಕಾ, ನಿಮ್ಮ ನಂತರಾನೂ ಇರ್ತೈತಿ."

"ನಂದ ಬಿಡ್ರಿ. ಆಕಿ ಇರೂತನಕ ಇರಬೇಕು."

ಬರಿಗೈಲೇ ಬಂದೆವು. ಮುಂದೆ ಗಂಡಹೆಂಡತಿ ತರಬೇತಿ ಮುಗಿಸಿದರು, ಪರವಾನಗಿಯೂ ಬಂತು. ಬಂದೂಕು ಮಾತ್ರ ಬರಲಿಲ್ಲ! ಹಿತ್ತಲಲ್ಲಿ ಮಾವ ಒಡೆದ ಹೆಂಚು ತೂರುವುದು, ಅತ್ತೆ ಕವಣೆಯಿಂದ ಹೊಡೆಯುವುದು, ಹೀಗೇ ನಡೆಯಿತು. ಒಮ್ಮೆ ಕಲ್ಲು ಮಾವನ ಟೊಪ್ಪಿಗೆಯನ್ನೇ ಹಾರಿಸಿತು.

"ಲಗೂನ ತರ್ರಿ. ಇಲ್ಲಾಂದ್ರ ಟೊಪಗಿ ಉಳ್ಯಾಂಗಿಲ್ಲ," ಎಂದಳು ಅತ್ತೆ.

ಹೋದ ವರ್ಷ ಸಣ್ಣ ಜ್ವರವೆಂದು ಮಲಗಿದವಳು ಏಳಲಿಲ್ಲ. ಕಾರ್ಯವೆಲ್ಲ ಮುಗಿದ ಮೇಲೆ ಮಾವ ಒಬ್ಬನೇ ಹೋಗಿ ಅದೇ ಹಳೆಯ ಬಂದೂಕನ್ನು ತಂದ. ಈ ಸಲ ಬಡಿದು ನೋಡಲಿಲ್ಲವಂತೆ.

ಮಾವನದು ಉದ್ದ ಕೈ. ಆ ಗಿಡ್ಡ ಬಂದೂಕು ಹಾರಿಸಿದಾಗಲೆಲ್ಲ ಕೆನ್ನೆಗೆ ಬಡಿಯುತ್ತದೆ. ಮೊನ್ನೆ ಮೈದಾನದಲ್ಲಿ ಕಲಿಸುವವನು ಅವನ ಬಾತ ಕೆನ್ನೆ ನೋಡಲಾರದೆ ಹೇಳಿದ: "ಕಾಕಾ, ಹಿಂದ ಒಂದ ರಬ್ಬರ ಪಟ್ಟಿ ಕೂಡಸ್ರಿ. ಉದ್ದ ಆಗತೈತಿ, ಗುರಿನೂ ಹತ್ತತೈತಿ."

"ಬ್ಯಾಡ್ರಿ. ಅಳತಿ ಆಕೀದ ಇರ್ಲಿ."

ನನಗೆ ನಗು ಬರಲಿಲ್ಲ. ಆ ದಿನ ಅಂಗಡಿಯಲ್ಲಿ ಅವನು ಒಂದೇ ಸಲ ಬಡಿದು ಕೊಂಡುಬಿಟ್ಟಿದ್ದರೆ ಎಂದುಕೊಂಡೆ. ಅಷ್ಟರಲ್ಲಿ ಇನ್ನೊಂದು ಬಿಲ್ಲೆ ಹಾರಿತು. ಮಾವ ಗುಂಡು ಹಾರಿಸಿದ. ಬಿಲ್ಲೆ ಇಡಿಯಾಗಿ ಹುಲ್ಲಿನಲ್ಲಿ ಬಿತ್ತು. ಅದನ್ನೇ ನೋಡುತ್ತ, ಕೆನ್ನೆ ಸವರಿಕೊಳ್ಳುತ್ತ ಹೇಳಿದ:

"ಇದನ್ನ ಆಕಿ ಹೊಡೀತಿದ್ಳು, ಅಳಿಯಾ."