ರೆಕ್ಕೆಯಿಲ್ಲದ ವಿಮಾನದ ಮುಂದಿನ ಸೀಟು

ಆಗ ನನಗೆ ಅರವತ್ತೆಂಟು. ಮೂರು ವರ್ಷದ ಹಿಂದಿನ ಮಾತು. ನನ್ನ ತಮ್ಮ ನಮ್ಮೂರಿನಿಂದ ಶಿಡ್ಲಘಟ್ಟಕ್ಕೆ ವಿಮಾನ ಓಡಿಸಲು ಶುರುಮಾಡಿದ. ರೆಕ್ಕೆ ಇರಲಿಲ್ಲ, ಅಷ್ಟೇ. ಹನ್ನೆರಡು ಸೀಟಿನ ಹಳೇ ವ್ಯಾನು.

ಅದಕ್ಕೆ ಮುಂಚೆ ದೇವನಹಳ್ಳಿ ವಿಮಾನ ನಿಲ್ದಾಣಕ್ಕೆ ಟ್ಯಾಕ್ಸಿ ಓಡಿಸುತ್ತಿದ್ದ. ಹಿಂದೆ ಕೂತ ಕೋಟಿನವರು ಫೋನಿನಲ್ಲಿ ಆಡಿದ್ದನ್ನೆಲ್ಲ ಕೇಳಿ ಕೇಳಿ ವಿಮಾನದ ವ್ಯಾಪಾರ ಪೂರ್ತಿ ಕಲಿತುಬಿಟ್ಟಿದ್ದ. ತಾನು ವಿಮಾನ ಹತ್ತಿದವನಲ್ಲ. ಹತ್ತಿದವರು ಎಷ್ಟು ಜನ ಕಲಿತಿದ್ದಾರೆ ಹೇಳಿ?

ನಮ್ಮೂರಿನ ಬೆಳಗಿನ ಬಸ್ಸು ನಿಂತುಹೋಗಿತ್ತು. ರೇಷ್ಮೆ ಗೂಡು ಹರಾಜಿನ ಹೊತ್ತಿಗೆ ಮಾರುಕಟ್ಟೆ ಸೇರಬೇಕು. ತಡವಾದರೆ ಒಳಗಿನ ಹುಳ ಚಿಟ್ಟೆಯಾಗಿ ಗೂಡಿಗೆ ತೂತು ಹಾಕಿ ಹೊರಟುಬಿಡುತ್ತದೆ. ಅದಕ್ಕೇ ಇವನು ಇದ್ದ ಅರ್ಧ ಎಕರೆ ಮಾರಿ ವ್ಯಾನು ತಂದ. ಓಡಿದರೆ ಅನ್ನ, ನಿಂತರೆ ಬೀದಿ.

ಮೊದಲು ಸೀಟು ಹೇಳಿದವರಿಗೆ ಕಡಿಮೆ ರೇಟು, ಕೊನೆಗೆ ಬಂದವರಿಗೆ ಜಾಸ್ತಿ. ನನ್ನ ಓರಗಿತ್ತಿ ಜಗಳಕ್ಕೆ ನಿಂತಳು.

"ಒಂದೇ ವ್ಯಾನು, ಒಂದೇ ಊರು, ನಂಗ್ಯಾಕೋ ಜಾಸ್ತಿ?"

"ನೀನು ಮಲಗಿದ್ದೆಯಲ್ಲಕ್ಕ, ಆ ನಿದ್ದೆಗೆ."

ಇನ್ನು ಲಗೇಜು. ಗೂಡಿನ ಮೂಟೆ ಬಿಟ್ಟು ಏಳು ಕಿಲೋ ಪುಕ್ಕಟೆ, ದಾಟಿದರೆ ದುಡ್ಡು. ಬಾಗಿಲಿಗೇ ತೂಕದ ಕೊಕ್ಕೆ ನೇತುಹಾಕಿದ್ದ. ನಾನು ಒಂದು ಸಲ ಸೆರಗಿನೊಳಗೆ ಕೋಳಿ ಬಚ್ಚಿಟ್ಟುಕೊಂಡು ಹತ್ತಿದೆ. ಅದು ಸುಮ್ಮನಿರಬೇಕಲ್ಲ.

"ಅಕ್ಕ, ಹೊಟ್ಟೆ ಕೂಗ್ತೈತೆ."

"ಹಸಿವು ಕಣೋ."

"ಹಸಿವು ಮೊಟ್ಟೆ ಇಟ್ರೆ ಅದು ನಂದು."

ಕೈವಾರದ ಜಾತ್ರೆಗೆ ಹೋಗುವ ದಿನ ಹನ್ನೆರಡು ಸೀಟಿಗೆ ಹದಿನೈದು ಜನರನ್ನು ಒಪ್ಪಿಕೊಂಡ. ವಿಮಾನದವರೂ ಹೀಗೇ ಮಾಡುತ್ತಾರಂತೆ, ಮೂರು ಜನ ಬರುವುದೇ ಇಲ್ಲವಂತೆ. ನಮ್ಮವರು ಹದಿನೈದೂ ಬಂದರು. "ಸೀಟು ಬಿಟ್ಟುಕೊಟ್ಟೋರಿಗೆ ಮಸಾಲೆ ದೋಸೆ" ಅಂದ. ಹದಿನೈದು ಜನವೂ ಇಳಿದು ನಿಂತರು.

ಆಮೇಲೆ ಪಕ್ಕದ ಊರಿನವನೊಬ್ಬ ಹೊಸ ವ್ಯಾನು ತಂದು ಅರ್ಧ ರೇಟು ಹಾಕಿದ. ಜನ ಆ ಕಡೆ ಹೋದರು. ನಾನೂ ಹೋದೆ. ಒಡಹುಟ್ಟಿದವನಾದರೇನು, ಅರ್ಧ ಅಂದರೆ ಅರ್ಧ.

"ನೀನೂ ರೇಟು ಇಳಿಸೋ, ಇಲ್ದಿದ್ರೆ ಮುಳುಗ್ತೀಯ" ಅಂದೆ.

"ರೇಟು ಇಳಿಸಿ ಇಳಿಸೀನೇ ಕಂಪನಿಗಳು ಮುಳುಗಿದ್ದು. ವಿಮಾನ ಖಾಲಿಯಿದ್ರೂ ಟೈಮಿಗೆ ಹೊರಡ್ಬೇಕು ಕಣಕ್ಕ, ಅಷ್ಟೇ."

ಎರಡು ತಿಂಗಳು ಮೂರೋ ನಾಲ್ಕೋ ಜನರನ್ನು ಕೂರಿಸಿಕೊಂಡು ಸರಿಯಾಗಿ ಐದೂವರೆಗೆ ಹೊರಟ. ಅರ್ಧ ಎಕರೆ ಗಾಳಿಗೆ ಹೋಯಿತು ಅಂದುಕೊಂಡೆ.

ಒಂದು ಬೆಳಿಗ್ಗೆ ಎರಡು ಮೂಟೆ ಗೂಡಿಟ್ಟುಕೊಂಡು ಹೊಸ ವ್ಯಾನಿನ ಪಕ್ಕ ನಿಂತಿದ್ದೆ. ಬಂದಿದ್ದವರು ನಾಲ್ಕೇ ಜನ. "ತುಂಬ್ಲಿ ಅಜ್ಜಿ, ಹೋಗಣ" ಅಂದು ಆ ವ್ಯಾನಿನವನು ಬೀಡಿ ಹಚ್ಚಿದ. ಐದೂವರೆಗೆ ತಮ್ಮನ ವ್ಯಾನು ಬಂತು. ನಾನು ಮುಖ ಆ ಕಡೆ ತಿರುಗಿಸಿದೆ. ತಮ್ಮ ಇಳಿದು ನನ್ನ ಮೂಟೆಗಳನ್ನು ತನ್ನ ವ್ಯಾನಿನ ಮೇಲೆ ಕಟ್ಟಿದ. ಒಳಗೆ ನೋಡಿದರೆ ಮುಂದಿನ ಕಿಟಕಿ ಸೀಟಿನ ಮೇಲೆ ಟವೆಲ್ಲು ಹಾಸಿತ್ತು. ಹಿಂದೆ ಕೂತವರನ್ನು ಕೇಳಿದೆ. ಎರಡು ತಿಂಗಳಿಂದ ಅಲ್ಲಿ ಯಾರನ್ನೂ ಕೂರಿಸಿಲ್ಲವಂತೆ.

"ಇದನ್ನ ಮಾರಲಿಲ್ವೇನೋ?"

"ಮಾರೋ ಸೀಟಲ್ಲ. ನಿನ್ನ ನೋಯೋ ಮಂಡಿಗೆ ಕಾಲು ಚಾಚಕ್ಕೆ ಜಾಗ ಅಲ್ಲೇ ಇರೋದು."

"ಯಾವ ಕಂಪನಿ ಕಾನೂನೋ ಇದು?"

ಅವನು ಗೇರು ಹಾಕಿದ. ಗೂಡು ಹರಾಜಿನ ಹೊತ್ತಿಗೆ ಸರಿಯಾಗಿ ಮಾರುಕಟ್ಟೆ ಸೇರಿತು.

ಮರುದಿನ ಬೆಳಿಗ್ಗೆ ಮಾರುವುದಕ್ಕೆ ನನ್ನ ಹತ್ತಿರ ಒಂದು ಗೂಡೂ ಇರಲಿಲ್ಲ. ಚೀಲಕ್ಕೆ ಏಳಲ್ಲ, ಎಂಟು ಕಿಲೋ ರಾಗಿ ತುಂಬಿಕೊಂಡು ಐದೂಕಾಲಿಗೇ ತಮ್ಮನ ವ್ಯಾನಿನ ಬಾಗಿಲಿಗೆ ಹೋಗಿ ನಿಂತು, "ತೂಕ ಹಾಕೋ" ಅಂದೆ.