ಕಾಕಾ ನಮ್ಮ ಅಂಗಡಿಗೆ ಕೊಟ್ಟ ನೋಟಿಸು

ಅಥಣಿಯಲ್ಲಿ ನಮ್ಮ ಚಪ್ಪಲಿ ಅಂಗಡಿಗೆ ಒಬ್ಬರೇ ಒಬ್ಬ ಶತ್ರು ಇದ್ದರು. ದಿನಾ ಬೆಳಿಗ್ಗೆ ಹತ್ತಕ್ಕೆ ಬಂದು, ನಮ್ಮದೇ ಬೆಂಚಿನ ಮೇಲೆ ಕೂತು, ನಮ್ಮದೇ ಚಹಾ ಕುಡಿದು, ನಮ್ಮನ್ನೇ ಬೈಯುತ್ತಿದ್ದರು. ಅವರು ನನ್ನ ಕಾಕಾ, ಅಪ್ಪನ ತಮ್ಮ.

ಆ ಮಂಗಳವಾರವೂ ಹಾಗೇ ಬಂದರು. ಕೋಲು ಗೋಡೆಗೆ ಒರಗಿಸಿ, ಲ್ಯಾಪ್‌ಟಾಪು ತೊಡೆಯ ಮೇಲಿಟ್ಟುಕೊಂಡು ಕೇಳಿದರು:

“ತಮ್ಮಾ, ನಿಮ್ಮ ಅಂಗಡಿ ಇವತ್ತರ ತಗದೈತೇನೋ?”

“ಅಂಗಡ್ಯಾಗ ಕುಂತೀರಲ್ರಿ ಕಾಕಾ!”

“ಇದಲ್ಲೋ. ಇದು ಕಣ್ಣಿದ್ದವರ ಅಂಗಡಿ. ನಾ ನಂದು ಕೇಳಾಕತ್ತೇನಿ.”

ಮರುದಿನ ಬೆಳಿಗ್ಗೆ ಕಾಕಾ ಹಾಸಿಗೆಯಿಂದ ಏಳಲಿಲ್ಲ. ಮಲಗಿದಲ್ಲೇ ಹೋಗಿಬಿಟ್ಟಿದ್ದರು. ಹಾಗಾಗಿ ಆ ಮಂಗಳವಾರ ನಮ್ಮ ಕೊನೆಯ ಮಾಮೂಲಿ ದಿನವಾಯಿತು. ಅದು ಕೊನೆಯದೆಂದು ಗೊತ್ತಿದ್ದರೆ ಇನ್ನೊಂದು ಕಪ್ ಚಹಾ ಹೇಳುತ್ತಿದ್ದೆ.

ಕಾಕಾ ಒಂದು ಕಾಲಕ್ಕೆ ಚಪ್ಪಲಿಗೆ ಹೆಣಿಗೆ ಹಾಕುವುದರಲ್ಲಿ ಎತ್ತಿದ ಕೈ. ನಲವತ್ತರ ಹತ್ತಿರ ಎರಡೂ ಕಣ್ಣು ಹೋದವು. ಬೇರೆಯವರಾಗಿದ್ದರೆ ದೇವರನ್ನು ಬೈದು ಸುಮ್ಮನಾಗುತ್ತಿದ್ದರು. ಕಾಕಾ ಪುಣೆಗೆ ಹೋಗಿ, ಪರದೆಯ ಮೇಲಿದ್ದುದನ್ನು ಓದಿ ಹೇಳುವ ಕಂಪ್ಯೂಟರು ಕಲಿತು ಬಂದು, ವೆಬ್‌ಸೈಟುಗಳನ್ನು ಬೈಯತೊಡಗಿದರು! ಆ ಯಂತ್ರದ ಮಾತಿನ ವೇಗವೋ, ಸಂತೆಯಲ್ಲಿ ಹರಾಜು ಕೂಗುವವರೂ ನಾಚಬೇಕು. ನಮಗೆ ಒಂದಕ್ಷರ ತಿಳಿಯುತ್ತಿರಲಿಲ್ಲ. ಕಾಕಾ ಮಾತ್ರ ತಲೆದೂಗುತ್ತ ಕೇಳುತ್ತಿದ್ದರು.

ಹಾಗಿರುವಾಗ ನಾನು ನಿಪ್ಪಾಣಿಯ ಒಬ್ಬ ಪರಿಚಯದವರಿಂದ ಅಂಗಡಿಗೊಂದು ವೆಬ್‌ಸೈಟು ಮಾಡಿಸಿದೆ. ಮೂವತ್ತು ಜೋಡಿನ ಫೋಟೋ, ಬೆಲೆ, ಕೊಳ್ಳುವ ವ್ಯವಸ್ಥೆ ಎಲ್ಲವೂ ಇದ್ದವು. ಹೆಮ್ಮೆಯಿಂದ ಕಾಕಾನ ಮುಂದಿಟ್ಟೆ. ಯಂತ್ರ ಓದಿತು: “ಇಮೇಜ್. ಇಮೇಜ್. ಬಟನ್. ಇಮೇಜ್.”

“ಮಗನ, ನೀ ಚಪ್ಪಲಿ ಮಾರ್ತೀಯೋ, ಇಮೇಜ್ ಮಾರ್ತೀಯೋ?”

ಅಷ್ಟರಲ್ಲಿ ಅಂಗವಿಕಲರ ಹಕ್ಕುಗಳ ಹೊಸ ಕಾಯ್ದೆ ಬಂದಿತ್ತು, 2016ರದು. ಕಾಕಾ ಅದನ್ನು ಯಂತ್ರದಿಂದ ಪೂರ್ತಿ ಓದಿಸಿ ಕೇಳಿದರು. ಸರ್ಕಾರಿ ಕಚೇರಿ ಇರಲಿ, ಖಾಸಗಿ ವ್ಯಾಪಾರ ಇರಲಿ, ಜನರಿಗೆ ಕೊಡುವ ಸೇವೆ ಅಂಗವಿಕಲರಿಗೂ ಸಿಗುವಂತಿರಬೇಕು ಎಂಬ ಮಾತು ಅದರಲ್ಲಿತ್ತು. ಅದೊಂದೇ ಮಾತು ಸಾಕಾಯಿತು. ಕಾಕಾ ನಮ್ಮ ಅಂಗಡಿಗೇ ನೋಟಿಸು ಬರೆದರು. ಹಿತ್ತಲ ಕಡೆಯ ಮನೆಯಿಂದ ಮುಂದಿನ ಅಂಗಡಿಗೆ, ರಜಿಸ್ಟರ್ಡ್ ಪೋಸ್ಟಿನಲ್ಲಿ! ಪೋಸ್ಟ್‌ಮನ್ ತಂದಾಗ ನಾನು ಹಾರೂಗೇರಿಗೆ ಹೋಗಿದ್ದೆ. ಅಂಗಡಿಯಲ್ಲಿದ್ದ ಕಾಕಾ ತಾವೇ ಸಹಿ ಹಾಕಿ ತೆಗೆದುಕೊಂಡರು.

ಆದರೂ ನನಗೆ ಅಂಜಿಕೆಯಾಯಿತು. ನಾನು ಹತ್ತನೇ ಇಯತ್ತೆ ಓದಿದವನು, ಕಾಯ್ದೆ ಓದಿದವನಲ್ಲ. ಚಿಕ್ಕೋಡಿಯ ಒಬ್ಬ ವಕೀಲರ ಗುಮಾಸ್ತರನ್ನು ಕೇಳಿದೆ. “ಮೆಟ್ಲ ಬಾಜೂಕ ಗಾಲಿಕುರ್ಚಿಗೆ ಒಂದ್ ಇಳಿಜಾರು ಮಾಡಸ್ರಿ, ಮುಗೀತು” ಎಂದರು. ಮಾಡಿಸಿದೆ. ವೆಬ್‌ಸೈಟಿನ ತಕರಾರಿಗೆ ಎರಡು ಚೀಲ ಸಿಮೆಂಟು!

ಕಾಕಾ ಕೋಲಿನಿಂದ ಅದನ್ನು ತಟ್ಟಿ ನೋಡಿದರು. “ಲೇ, ನನ್ನ ಕಣ್ಣ ಹೋಗ್ಯಾವ, ಕಾಲಲ್ಲ. ಇಂಟರ್ನೆಟ್ಟಿಗೆ ಸಿಮೆಂಟ ಗಿಲಾಯ್ ಮಾಡಿದಾಂವ ದೇಶದಾಗ ನೀ ಒಬ್ಬನ!” ಆಮೇಲೆ ಮೆಲ್ಲಗೆ, “ಕೆಡವಬ್ಯಾಡ. ಅದೂ ಬೇಕಾದವ್ರು ಅದಾರ” ಎಂದರು.

ಕೊನೆಗೆ ನಿಪ್ಪಾಣಿಯವರನ್ನು ಕರೆಸಿದೆ. ಅವರು ಪ್ರತಿ ಫೋಟೋದ ಹಿಂದೆ ಯಂತ್ರ ಓದುವಂತೆ ಒಂದು ಸಾಲು ಸೇರಿಸಿದರು: “ಕಂದು ಬಣ್ಣದ ಸುಂದರ ಚಪ್ಪಲಿ.” ಮೂವತ್ತಕ್ಕೂ ಅದೇ ಸಾಲು.

“ಸುಂದರ ಅಂದ್ರ ನಂಗೇನ್ ತಿಳೀಬೇಕ್ರಿ ಸಾಹೇಬ್ರ? ಬರಕೋರಿ, ನಾ ಹೇಳ್ತೇನಿ.”

ಮೂರು ದಿನ ಕಾಕಾ ಒಂದೊಂದೇ ಜೋಡು ಕೈಯಲ್ಲಿ ಹಿಡಿದು, ಬೆರಳಾಡಿಸಿ, ಮೂಸಿ ನೋಡಿ ಬರೆಸಿದರು. “ಪಟ್ಟಿ ಎರಡ ಬೆರಳ ಅಗಲ. ಮೂರೆಳಿ ಹೆಣಿಗಿ. ನಡದ್ರ ಕರ್ ಕರ್ ಅಂತಾವ, ಹಿಂದ ಯಾರೋ ಬಂದಂಗ ಆಕ್ಕೈತಿ, ಅಂಜಬ್ಯಾಡ್ರಿ. ಮೊದಲ ಎಂಟ ದಿನ ಕಡೀತಾವ.”

“ಕಾಕಾ, ಕಡೀತಾವ ಅಂತ ಬರದ್ರ ಯಾರ್ ತಗೋತಾರ್ರಿ?”

“ಕಣ್ಣಿದ್ದವ್ರು ಫೋಟೋ ನೋಡಿ ಮೋಸ ಹೋಗ್ಲಿ. ನಮಗ್ಯಾಕ್ ಮೋಸ ಮಾಡ್ತೀ?”

ಆ ಸಾಲುಗಳನ್ನು ಫೋಟೋದ ಕೆಳಗೂ ಹಾಕಿದೆವು. ಹದಿನೈದು ದಿನಕ್ಕೆ ಮೈಸೂರಿನಿಂದ ಒಬ್ಬ ಹೆಣ್ಣುಮಗಳು ಫೋನು ಮಾಡಿದಳು: “ಎಂಟು ದಿನ ಕಚ್ಚುತ್ತಲ್ಲ, ಆ ಚಪ್ಪಲಿ ಬೇಕಿತ್ತು.” ಕಾಕಾ ಆ ದಿನವಿಡೀ ನಗುತ್ತಿದ್ದರು.

ಇಷ್ಟಾದರೂ ಶತ್ರುತ್ವ ಮುಗಿಯಲಿಲ್ಲ. ಒಂದು ಜೋಡು ತಾವೊಬ್ಬರೇ ಕೊಳ್ಳಬೇಕು, ಆರಿಸುವುದರಿಂದ ಹಣ ಕಟ್ಟುವ ತನಕ ಯಾರೂ ಹತ್ತಿರ ಸುಳಿಯಬಾರದು ಎಂಬುದು ಅವರ ಹಟ. ಕಣ್ಣು ಹೋದಾಗಿನಿಂದ ಅವರ ಅಂಗಿ, ಧೋತರ, ಹಲ್ಲುಜ್ಜುವ ಪುಡಿ, ಎಲ್ಲವನ್ನೂ ಆರಿಸಿದ್ದು ಬೇರೆಯವರು, ಹೆಚ್ಚಾಗಿ ಅವರ ಹೆಂಡತಿ, ನಮ್ಮ ಕಾಕು. ಕಾಕಾ ತಾವೇ ಕೊಂಡದ್ದು ಒಂದೂ ಇರಲಿಲ್ಲ. ದಿನಾ ಒಂದೊಂದು ಕಡೆ ಸಿಕ್ಕಿಬೀಳುತ್ತಿದ್ದರು, ನಾವು ಸರಿಪಡಿಸುತ್ತಿದ್ದೆವು. ಆ ಮಂಗಳವಾರ ಕಟ್ಟಕಡೆಯ ಪುಟಕ್ಕೆ ಬಂದರು. ಹಣ ಕಟ್ಟುವ ಗುಂಡಿಗೆ ಹೆಸರೇ ಇರಲಿಲ್ಲ. ಯಂತ್ರ ಬರೀ “ಬಟನ್” ಎಂದಿತು.

“ನಾ ಒತ್ತಿಬಿಡ್ಲೇನ್ರಿ?”

“ಮುಟ್ಟಬ್ಯಾಡ! ಈ ಕಡೆ ನೋಡಲೂಬ್ಯಾಡ!” ಎಂದು ಪರದೆಗೆ ಅಂಗೈ ಅಡ್ಡ ಹಿಡಿದರು.

ನಿಪ್ಪಾಣಿಗೆ ಫೋನು ಮಾಡಿದೆ. ಗುರುವಾರ ಮಾಡಿಕೊಡುವೆ ಎಂದರು. ಬುಧವಾರ ಕಾಕಾನನ್ನು ಮಣ್ಣು ಮಾಡಿ ಬಂದೆವು.

ಆ ಮನುಷ್ಯ ಮಾತಿಗೆ ತಪ್ಪಲಿಲ್ಲ. ಗುರುವಾರ ಗುಂಡಿಗೆ ಹೆಸರಿಟ್ಟು, ನನಗೆ ಫೋನು ಮಾಡಿ, ಒಂದು ಖರೀದಿ ಅರ್ಧಕ್ಕೆ ನಿಂತಿದೆ ನೋಡಿ ಎಂದರು. ನೋಡಿದೆ. ಕಾಕಾ ಆರಿಸಿದ್ದು ಹೆಣ್ಣುಮಕ್ಕಳ ಜೋಡು. ಕಾಕುವಿನ ಅಳತೆ.

ಹದಿಮೂರು ದಿನ ಕಳೆದ ಮೇಲೆ ಅಂಥದೇ ಜೋಡನ್ನು ಅಂಗಡಿಯಿಂದ ತೆಗೆದು, ಕಾಕುವಿನ ಕೈಗಿಟ್ಟು, ಎಲ್ಲ ಹೇಳಿದೆ. ಕಾಕು ಅದರ ಹೆಣಿಗೆ ಸವರಿ ನೋಡಿದರು.

“ಅವ್ರು ಕೊಂಡ್ರೇನಪಾ?”

“ಇಲ್ರಿ ಕಾಕು. ಅಷ್ಟರಾಗ...”

“ಹಂಗಾದ್ರ ಇದು ನೀ ಕೊಟ್ಟದ್ದಾತು.” ಜೋಡನ್ನು ತಿರುಗಿ ನನ್ನ ಕೈಗಿಟ್ಟರು. “ಅವ್ರ ಹೆಸರ್ಲೆ ಆರ್ಡರ್ ಬಂದ ಮ್ಯಾಲ ಕೊಡು.”

ವೆಬ್‌ಸೈಟು ಈಗ ಎಲ್ಲರಿಗೂ ತೆರೆದಿದೆ. ಎಲ್ಲೆಲ್ಲಿಂದಲೋ ಆರ್ಡರು ಬರುತ್ತವೆ. ದಿನಾ ಬೆಳಿಗ್ಗೆ ಹೆಸರುಗಳನ್ನು ಓದುತ್ತೇನೆ. ಕಾಕಾನ ಹೆಸರಿನದು ಇನ್ನೂ ಬಂದಿಲ್ಲ.